ಪಂಕ್ತಿಯಲ್ಲಿ ಕೂತ ಬಳಚು

ಕುಮಟಾ ಹತ್ತಿರ ಅಘನಾಶಿನಿ ನದಿ ಕಡಲು ಸೇರುವ ಕಡೆ ಇಳಿತದ ಹೊತ್ತಿಗೆ ಹೋಗಿ ನೋಡಿ. ಮೊಣಕಾಲುದ್ದ ನೀರಿನಲ್ಲಿ ಜನ ಬಗ್ಗಿ ಬಳಚು ಆರಿಸುತ್ತಿರುತ್ತಾರೆ. ಈ ಚಿಪ್ಪಿನ ಜೀವಿಗೆ ತಲೆಯಿಲ್ಲ, ಹಲ್ಲಿಲ್ಲ. ಕೆಸರು ಮರಳಿನಲ್ಲಿ ಹೂತುಕೊಂಡು ಸುಮ್ನೆ ಕೂತಿರುತ್ತದೆ. ಹಾಗಾದರೆ ಹೊಟ್ಟೆಪಾಡು?

ಅದು ಮರಳಿನಿಂದ ಮೇಲಕ್ಕೆ ಎರಡು ಸಣ್ಣ ಕೊಳವೆ ಚಾಚುತ್ತದೆ. ಒಂದರಲ್ಲಿ ನೀರು ಒಳಗೆ, ಇನ್ನೊಂದರಲ್ಲಿ ಹೊರಗೆ. ನೀರೆಳೆಯುವ ಪಂಪು ಅದರ ಕಿವಿರು. ಕಿವಿರಿನ ಮೇಲಿನ ಕಣ್ಣಿಗೆ ಕಾಣದ ರೋಮಗಳು ಒಂದೇ ಸಮನೆ ಬಡಿಯುತ್ತಿರುತ್ತವೆ. ತೇಲಿಬಂದ ಪ್ಲವಕಗಳು, ಅಂದರೆ ಡಯಾಟಮ್‌ನಂಥ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು, ಅಲ್ಲೇ ಸಿಕ್ಕಿಬೀಳುತ್ತವೆ. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಕಣಕ್ಕೂ ತಪ್ಪಿಸಿಕೊಳ್ಳುವುದು ಕಷ್ಟ. ಉಸಿರಾಡುವುದೂ ಇದರಿಂದಲೇ, ಊಟ ಸೋಸುವುದೂ ಇದರಿಂದಲೇ. ನನಗೆ ತುಂಬ ಇಷ್ಟವಾಗುವುದು ಇದರ ಮುಂದಿನ ಕೆಲಸ. ಬಾಯಿಯ ಪಕ್ಕದ ತುಟಿಯಂಥ ಮಡಿಕೆಗಳು ಅಕ್ಕಿ ಆರಿಸಿದ ಹಾಗೆ ಆರಿಸುತ್ತವೆ. ಬೇಡದ ಮಣ್ಣು ಲೋಳೆಯಲ್ಲಿ ಉಂಡೆಯಾಗಿ, ಹೊಟ್ಟೆಗೆ ಹೋಗದೆಯೇ ಹೊರಬೀಳುತ್ತದೆ.

ಆದರೆ ಒಂದು ತೊಡಕಿದೆ. ಬಳಚು ಊಟ ಹುಡುಕಿಕೊಂಡು ಹೋಗುವುದಿಲ್ಲ. ಪಂಕ್ತಿಯಲ್ಲಿ ಎಲೆ ಮುಂದೆ ಕೂತವರಂತೆ ಕಾಯುತ್ತದೆ. ಸಾವಿರಾರು ಬಳಚು ಒಟ್ಟಿಗೆ ಸೋಸಿದರೆ, ನೆಲಕ್ಕೆ ತಾಗಿದ ತೆಳು ನೀರಿನಲ್ಲಿದ್ದ ಪ್ಲವಕ ಬೇಗ ಮುಗಿಯುತ್ತದೆ. ಮತ್ತೆ ಬಡಿಸಲು ಯಾರಾದರೂ ಬರಬೇಕಲ್ವಾ? ಬಡಿಸುವುದು ಉಬ್ಬರ-ಇಳಿತದ ಸೆಳೆತ ಮತ್ತು ಗಾಳಿ. ಬಿಸಿಲು ಬೀಳುವ ಮೇಲಿನ ನೀರಿನಲ್ಲಿ ಬೆಳೆದ ಪ್ಲವಕವನ್ನು ಇವು ಕಲಕಿ ಕೆಳಕ್ಕೆ ತರುತ್ತವೆ. ಆಳ ಸಮುದ್ರದ ತಳಕ್ಕೆ ಈ ಭಾಗ್ಯವಿಲ್ಲ. ಅಲ್ಲಿಗೆ ಇಳಿಯುವುದು ಹೆಚ್ಚಾಗಿ ಸತ್ತು ಚೂರಾದ ಅಳಿದುಳಿದದ್ದು.

ಉಣ್ಣುವವರೇ ಜಾಸ್ತಿಯಾದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಕಂಡಿದೆ. 1986ರಲ್ಲಿ ಅಲ್ಲಿ ಏಷ್ಯಾ ಮೂಲದ ಒಂದು ಚಿಪ್ಪಿಜೀವಿ ಮೊದಲ ಸಲ ಸಿಕ್ಕಿತು. ಬಹುಶಃ ಹಡಗುಗಳು ಭಾರಕ್ಕೆಂದು ತುಂಬಿಕೊಳ್ಳುವ ನೀರಿನ ಜೊತೆ ಬಂದದ್ದು. ಅದರ ಉದ್ದವೋ ಎರಡು ಸೆಂಟಿಮೀಟರಿನ ಆಸುಪಾಸು! ಕೊಲ್ಲಿಯ ಉತ್ತರ ಭಾಗದಲ್ಲಿ ಬೇಸಿಗೆಯಲ್ಲಿ ಉಕ್ಕುತ್ತಿದ್ದ ಪ್ಲವಕ ಮರುವರ್ಷದಿಂದಲೇ ಕಾಣದಾಯಿತು. ವಿಜ್ಞಾನಿಗಳು ಲೆಕ್ಕ ಹಾಕಿದರು. ಆಳದ ಕಡೆ ಮೇಲಿನಿಂದ ತಳದವರೆಗಿನ ನೀರನ್ನು ಈ ಚಿಪ್ಪಿಜೀವಿಗಳು ದಿನಕ್ಕೊಮ್ಮೆಯಾದರೂ ಸೋಸಬಲ್ಲವು. ಆಳವಿಲ್ಲದ ಕಡೆ 10ಕ್ಕೂ ಹೆಚ್ಚು ಸಲ. ಅದೇ ಪ್ಲವಕ ನಂಬಿದ್ದ ಸಿಗಡಿಯಂಥ ಪುಟ್ಟ ಜೀವಿಗಳು ಕಡಿಮೆಯಾದವು. ಅಲ್ಲಿದ್ದ ಆಂಚೊವಿ ಮೀನುಗಳು ಆ ಭಾಗ ಬಿಟ್ಟು, ಉಪ್ಪು ಜಾಸ್ತಿ ಇರುವ ನೀರಿನ ಕಡೆ ಹೊರಟುಹೋದವು.