ಟೆಸ್ಟ್ ಆಮೇಲೆ, ಮೊದಲು ಶಾಲೆಗೆ ಹೋಗಿ ಬನ್ನಿ

ಅಪ್ಪ-ಅಮ್ಮ ಮಗನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಕೇಳುತ್ತಾರೆ: "ಡಾಕ್ಟ್ರೇ, ಇವನು ಗೇ ಹೌದೋ ಅಲ್ಲವೋ, ಒಂದು ಸಲ ಕನ್‌ಫರ್ಮ್ ಮಾಡಿಬಿಡಿ."

ಕನ್‌ಫರ್ಮ್ ಮಾಡುವ ಟೆಸ್ಟ್ ಇಲ್ಲ. ಇದು ಕಾಯಿಲೆಯೂ ಅಲ್ಲ. ಸಲಿಂಗ ಆಕರ್ಷಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ. "ಸರಿ ಮಾಡಿಕೊಡುತ್ತೇನೆ" ಎನ್ನುವ ಡಾಕ್ಟರು ಸಿಕ್ಕರೆ ಎದ್ದು ಬನ್ನಿ. ಅದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ.

ಇಷ್ಟು ಹೇಳಿದರೂ ಪ್ರಶ್ನೆ ನಿಲ್ಲುವುದಿಲ್ಲ. ಒಬ್ಬ ತಂದೆ ಮಗನ ಹಾರ್ಮೋನ್ ಟೆಸ್ಟ್ ಮಾಡಿಸಿಕೊಂಡೇ ಬಂದಿದ್ದರು. "ಎಲ್ಲಾ ನಾರ್ಮಲ್ ಇದೆ ಸಾರ್, ಹಾಗಾದ್ರೆ ಏನೂ ಇಲ್ಲ ಅಲ್ವಾ?" ಗೇ ಹುಡುಗರಿಗೂ ಹಾರ್ಮೋನ್ ನಾರ್ಮಲ್ಲೇ ಇರುತ್ತದೆ, ಅದು ಬೇರೆ ಮಾತು. ಆ ಹುಡುಗ ಬೆಳಿಗ್ಗೆಯಿಂದ ಸಂಜೆವರೆಗೆ ಶಾಲೆಯಲ್ಲಿ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕು. ಹೋದರೆ ನಾಲ್ಕು ಜನ "ಒಂಬತ್ತು", "ಚಕ್ಕಾ" ಎಂದು ಕೂಗಿ ಚಡ್ಡಿ ಎಳೆಯುತ್ತಿದ್ದರು. ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ವಾಪಸ್ ಬರುವುದನ್ನು ಅಮ್ಮ ನೋಡಿದ್ದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ರಕ್ತ ಮಾತ್ರ ತೆಗೆಸಿದ್ದರು!

ನನಗೆ ಸಿಟ್ಟು ಬರುವುದು ಇಲ್ಲಿ. ಹುಡುಗ ಗೇ ಆಗಿದ್ದರೆ ಚಡ್ಡಿ ಎಳೆಯಬಹುದಾ? ಆಗಿರದಿದ್ದರೆ ಮಾತ್ರ ತಪ್ಪಾ? ಉತ್ತರ ಯಾವುದೇ ಇರಲಿ, ನೀವು ನಾಳೆ ಮಾಡಬೇಕಾದ ಕೆಲಸ ಒಂದೇ. ಹೆಡ್‌ಮಾಸ್ಟರಿಗೆ ಬರೆದು ಕೊಡಿ. ಯಾರು, ಯಾವತ್ತು, ಎಲ್ಲಿ, ಏನು ಮಾಡಿದರು, ಅಷ್ಟೇ. ಮಗ ಗೇ ಹೌದೋ ಅಲ್ಲವೋ ಎಂಬ ಒಂದಕ್ಷರವೂ ಆ ಕಾಗದದಲ್ಲಿ ಬೇಕಿಲ್ಲ. ಜೇಬು ಕತ್ತರಿಸಿದಾಗ ಪೊಲೀಸರಿಗೆ ನಿಮ್ಮ ಜಾತಕ ಕೊಡುತ್ತೀರಾ? "ಸ್ವಲ್ಪ ಗಂಡಸಿನ ಹಾಗೆ ನಡೆಯೋಕೆ ಹೇಳಿ" ಎಂದು ಶಾಲೆಯವರೇ ಬುದ್ಧಿ ಹೇಳಿದರೆ, ದಯವಿಟ್ಟು ತಲೆಯಾಡಿಸಬೇಡಿ.

ಮಗನೇ ಬಾಯಿಬಿಟ್ಟು ಹೇಳಿಕೊಂಡಿದ್ದರೆ ಅದು ಅವನ ಗುಟ್ಟು. ಚಿಕ್ಕಪ್ಪನಿಗೆ, ಕ್ಲಾಸ್ ಟೀಚರಿಗೆ ಹೇಳುವ ಮೊದಲು ಅವನನ್ನು ಕೇಳಿ. ಹದಿನಾಲ್ಕು ವಯಸ್ಸಿಗೆ ಕೆಲವರಿಗೆ ಖಚಿತವಾಗಿ ಗೊತ್ತಿರುತ್ತದೆ, ಕೆಲವರಿಗೆ ಇಲ್ಲ. ಅವಸರ ನಿಮ್ಮದು, ಅವನದಲ್ಲ. ಮೊಬೈಲನ್ನು ಏಕಾಏಕಿ ಕಿತ್ತುಕೊಳ್ಳಬೇಡಿ. ಅಪರಿಚಿತರ ಬಗ್ಗೆ ನಿಮಗಿರುವ ಭಯ ಸುಳ್ಳಲ್ಲ, ಅದನ್ನು ಕೂತು ಮಾತಾಡಿ. ಆದರೆ ಇರುವ ಒಬ್ಬಿಬ್ಬರು ಗೆಳೆಯರೂ ಅದರಲ್ಲೇ ಇರಬಹುದು.

ಒಬ್ಬ ಅಜ್ಜಿ ನೆನಪಾಗುತ್ತಾರೆ. ವಿಷಯ ಅವರಿಗೆ ಎಷ್ಟು ಅರ್ಥವಾಗಿತ್ತೋ ಕಾಣೆ. "ನಮ್ ಹುಡುಗನ್ನ ಯಾರು ಮುಟ್ಟಿದ್ದು?" ಎಂದು ನೇರ ಸ್ಟಾಫ್‌ರೂಮಿಗೇ ನುಗ್ಗಿದ್ದರು. ಆ ವಾರ ಹುಡುಗ ಸರಿಯಾಗಿ ನಿದ್ದೆ ಮಾಡಿದ. ನನ್ನ ಮಾತ್ರೆಯಿಂದಲ್ಲ, ನಾನು ಕೊಟ್ಟೇ ಇರಲಿಲ್ಲ.

ಎಲ್ಲ ಮಕ್ಕಳಿಗೂ ಇಷ್ಟೇ ಸಾಕು ಎನ್ನಲಾರೆ. ಊಟ ಬಿಟ್ಟರೆ, ಮೈ ಕುಯ್ದುಕೊಂಡರೆ, ಸಾಯುವ ಮಾತಾಡಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವನನ್ನು ಒಬ್ಬನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.