ಯಕೃತ್ತಿನ ಪಕ್ಕದ ಕಪ್ಪು ಪಟ್ಟಿ

ಬೈಕಿನಿಂದ ಬಿದ್ದವನ ಮೊಣಕಾಲು ತರಚಿ ರಕ್ತ ಸೋರುತ್ತಿದ್ದರೆ ಸುತ್ತ ನಿಂತವರೆಲ್ಲ ಗಾಬರಿಯಾಗುತ್ತಾರೆ. ತುರ್ತು ಚಿಕಿತ್ಸಾ ವಿಭಾಗದ ವೈದ್ಯರಿಗೆ ಆ ರಕ್ತದ ಭಯ ಅಷ್ಟಿಲ್ಲ. ಅದು ಕಣ್ಣೆದುರೇ ಇದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಅವರ ಆತಂಕವೆಲ್ಲ ಹ್ಯಾಂಡಲ್ ಗುದ್ದಿದ ಹೊಟ್ಟೆಯದು. ಗುಲ್ಮ (ಸ್ಪ್ಲೀನ್) ಒಡೆದು ಒಂದು ಲೀಟರ್ ರಕ್ತ ಒಳಗೇ ಸುರಿದಿದ್ದರೂ ಚರ್ಮದ ಮೇಲೆ ಒಂದು ಗೀರೂ ಇಲ್ಲದಿರಬಹುದು. ಹರೆಯದ ದೇಹವಾದರೆ ರಕ್ತನಾಳಗಳು ಬಿಗಿದುಕೊಂಡು ಬಹಳ ಹೊತ್ತು ರಕ್ತದೊತ್ತಡವನ್ನು ಹಿಡಿದಿಡುತ್ತವೆ, ಆಮೇಲೆ ಒಮ್ಮೆಗೇ ಕೈಬಿಡುತ್ತವೆ.

ಈ ಗುಪ್ತ ರಕ್ತವನ್ನು ಹುಡುಕುವುದಕ್ಕೆ 1965ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕರು ಒಂದು ವಿಧಾನವನ್ನು ಪ್ರಕಟಿಸಿದರು. ಹೊಕ್ಕುಳಿನ ಕೆಳಗೆ ಸಣ್ಣದಾಗಿ ಕೊಯ್ದು ಕೊಳವೆ ತೂರಿಸಿ ಒಂದು ಲೀಟರ್ ಸಲೈನ್ ಒಳಗೆ ಬಿಡುವುದು, ಬಳಿಕ ಅದನ್ನು ಹೊರಕ್ಕೆ ಹರಿಸಿ ನೋಡುವುದು. ವಾಪಸ್ ಬಂದ ನೀರಿನ ಆಚೆ ವೃತ್ತಪತ್ರಿಕೆ ಹಿಡಿದಾಗ ಅಕ್ಷರ ಓದಲು ಬಾರದಿದ್ದರೆ ಒಳಗೆ ರಕ್ತವಿದೆ ಎಂದು ಲೆಕ್ಕ! ಕೇಳಲು ತಮಾಷೆಯೆನಿಸಿದರೂ ಅದು ಕೆಲಸ ಮಾಡುತ್ತಿತ್ತು. ಅತಿಯಾಗಿ ಮಾಡುತ್ತಿತ್ತು ಎಂಬುದೇ ತೊಂದರೆ. ಸ್ವಲ್ಪ ರಕ್ತಕ್ಕೂ ನೀರು ಕೆಂಪಾಗುತ್ತಿದ್ದುದರಿಂದ, ತಾನಾಗಿ ಮಾಯುವ ಗಾಯಕ್ಕೂ ಹೊಟ್ಟೆ ತೆರೆದದ್ದುಂಟು.

ಅಲ್ಟ್ರಾಸೌಂಡ್‌ ಅನ್ನು ಈ ಕೆಲಸಕ್ಕೆ ಮೊದಲು ಹಚ್ಚಿದವರಲ್ಲಿ 1970ರ ದಶಕದ ಯುರೋಪಿನ ವೈದ್ಯರು, ಅದರಲ್ಲೂ ಜರ್ಮನಿಯ ಶಸ್ತ್ರಚಿಕಿತ್ಸಕರು ಪ್ರಮುಖರು. 1990ರ ದಶಕದಲ್ಲಿ ಅಮೆರಿಕದವರು ಇದನ್ನು ಕೈಗೆತ್ತಿಕೊಂಡು ‘ಫಾಸ್ಟ್’ (ಪೆಟ್ಟು ಬಿದ್ದವರಿಗೆ ಮಾಡುವ ನಿರ್ದಿಷ್ಟ ಅಲ್ಟ್ರಾಸೌಂಡ್ ಪರೀಕ್ಷೆ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಹೆಸರು ಕೊಟ್ಟರು. ರೋಗಿಯನ್ನು ಮಂಚದಿಂದ ಅಲುಗಾಡಿಸಬೇಕಾಗಿಲ್ಲ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ನನಗೆ ಇದರಲ್ಲಿ ಮೆಚ್ಚುಗೆಯಾಗುವುದು ಇದರ ಹಟಮಾರಿ ಸಂಕುಚಿತತೆ. ಯಕೃತ್ತು ಹೇಗಿದೆ, ಎಲ್ಲಿ ಸೀಳಿದೆ ಎಂದು ಅದು ಕೇಳುವುದೇ ಇಲ್ಲ. ಇರಬಾರದ ಕಡೆ ದ್ರವ ಇದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ.

ಉತ್ತರಕ್ಕಾಗಿ ಇಡೀ ಹೊಟ್ಟೆಯನ್ನು ಜಾಲಾಡಬೇಕಾಗಿಲ್ಲ. ನೀರು ತಗ್ಗಿಗೆ ಹರಿಯುತ್ತದೆ, ರಕ್ತವೂ ಅಷ್ಟೆ. ಅಂಗಾತ ಮಲಗಿದವರಲ್ಲಿ ಯಕೃತ್ತಿಗೂ ಬಲ ಮೂತ್ರಪಿಂಡಕ್ಕೂ ನಡುವೆ ಒಂದು ತಗ್ಗಿದೆ. ಬ್ರಿಟಿಷ್ ಶಸ್ತ್ರಚಿಕಿತ್ಸಕ ರುದರ್‌ಫರ್ಡ್ ಮಾರಿಸನ್ ಅವರ ಹೆಸರು ಅದಕ್ಕೆ. ಆರೋಗ್ಯವಂತರಲ್ಲಿ ಎರಡೂ ಅಂಗಗಳು ಅಂಟಿಕೊಂಡಂತೆ ಕಾಣುತ್ತವೆ. ರಕ್ತ ಸೇರಿದರೆ ಅವುಗಳ ನಡುವೆ ಕಪ್ಪು ಪಟ್ಟಿಯೊಂದು ಮೂಡುತ್ತದೆ. ದ್ರವರೂಪದ ರಕ್ತದಿಂದ ಧ್ವನಿ ಹೆಚ್ಚುಕಡಿಮೆ ಮರಳಿ ಬರುವುದಿಲ್ಲವಾದ್ದರಿಂದ ಆ ಕಪ್ಪು. ಆಮೇಲೆ ಎಡಗಡೆ ಗುಲ್ಮದ ಸುತ್ತ, ಮೂತ್ರಕೋಶದ ಹಿಂದೆ, ಹೃದಯದ ಸುತ್ತಲಿನ ಚೀಲದಲ್ಲಿ ಇದೇ ಹುಡುಕಾಟ. ತುಂಬಿದ ಮೂತ್ರಕೋಶ ಕಿಟಕಿಯಂತೆ ಕೆಲಸ ಮಾಡುವುದರಿಂದ, ಮೂತ್ರನಳಿಕೆ ಹಾಕುವ ಮೊದಲೇ ನೋಡಿಬಿಡುವುದು ಜಾಣತನ.

ಇದು ಎಷ್ಟು ಉಪಯುಕ್ತ ಎಂಬುದು ಒಂದು ದೊಡ್ಡ ದುರಂತದಲ್ಲಿ ಕಾಣಿಸಿತು. 1988ರ ಡಿಸೆಂಬರ್ 7ರಂದು ಅರ್ಮೇನಿಯಾದ ಸ್ಪಿಟಾಕ್ ಸುತ್ತಮುತ್ತ ಭೂಕಂಪವಾಯಿತು. ರಾಜಧಾನಿ ಯೆರೆವಾನ್‌ನ ದೊಡ್ಡ ಆಸ್ಪತ್ರೆಯೊಂದಕ್ಕೆ ಗಾಯಾಳುಗಳು ಬಂದು ಸುರಿದರು. ಅಲ್ಲಿನ ವೈದ್ಯರು 72 ಗಂಟೆಗಳಲ್ಲಿ ಸುಮಾರು 400 ಮಂದಿಯ ಹೊಟ್ಟೆಯನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿದರು. ಒಬ್ಬರಿಗೆ ಸರಾಸರಿ ನಾಲ್ಕು ನಿಮಿಷ. ಆ ಗದ್ದಲದಲ್ಲಿ ಅಷ್ಟು ಮಂದಿಗೂ ಸಲೈನ್ ಹಾಕಿ ಪತ್ರಿಕೆ ಓದುತ್ತ ಕೂರಲಾಗುತ್ತಿತ್ತೇ?

ಮುಂದೆ ಇದೇ ಪರೀಕ್ಷೆ ಎದೆಗೂ ಹಬ್ಬಿತು. ಪಕ್ಕೆಲುಬು ಮುರಿದು ಶ್ವಾಸಕೋಶದಿಂದ ಗಾಳಿ ಸೋರಿದರೆ ಅದು ಎದೆಗೋಡೆಗೂ ಶ್ವಾಸಕೋಶಕ್ಕೂ ನಡುವೆ ಸೇರಿಕೊಳ್ಳುತ್ತದೆ. ಮಲಗಿದವರಲ್ಲಿ ಗಾಳಿ ಎದೆಯ ಮುಂಭಾಗಕ್ಕೆ ತೇಲಿಬರುವುದರಿಂದ ಎಕ್ಸ್‌ರೇಯ ಕಣ್ಣಿಗೆ ಅದು ಎಷ್ಟೋ ಸಲ ಬೀಳುವುದಿಲ್ಲ. ಅಲ್ಟ್ರಾಸೌಂಡ್‌ಗಾದರೋ ಗಾಳಿಯೆಂದರೆ ಆಗದು, ಅದರ ಆಚೆ ಏನೂ ಕಾಣದು. ಆದರೂ ಒಂದು ದಾರಿ ಸಿಕ್ಕಿತು. ಉಸಿರಾಡುವಾಗ ಎದೆಗೋಡೆಯ ಒಳಗಿನ ಮತ್ತು ಶ್ವಾಸಕೋಶದ ಮೇಲಿನ ಎರಡು ಪೊರೆಗಳು ಒಂದರ ಮೇಲೊಂದು ಜಾರುವುದು ಪರದೆಯ ಮೇಲೆ ಬಿಳಿ ಇರುವೆಸಾಲು ಹರಿದಂತೆ ಕಾಣುತ್ತದೆ. ಇರುವೆಗಳು ಹರಿಯುತ್ತಿದ್ದರೆ ಆ ಜಾಗದಲ್ಲಿ ಗಾಳಿ ಸೇರಿಲ್ಲ. ಸಾಲು ನಿಂತಿದ್ದರೆ ಅನುಮಾನಪಡಬೇಕು. ಈ ಜಾರಾಟವನ್ನು ಮೊದಲು ವರ್ಣಿಸಿದ್ದು 1986ರಲ್ಲಿ, ಅದೂ ಕುದುರೆಗಳಲ್ಲಿ! ಪಶುವೈದ್ಯರಿಗೆ ಸಲ್ಲಬೇಕಾದ ಶ್ರೇಯಸ್ಸು ಸಲ್ಲಲಿ.

ನಮ್ಮ ದೇಶದಲ್ಲಿ ಈ ಯಂತ್ರಕ್ಕೆ ಇನ್ನೊಂದು ಚರಿತ್ರೆ ಅಂಟಿಕೊಂಡಿದೆ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾನೂನಿನಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರವನ್ನು ಆಸ್ಪತ್ರೆಯಿಂದ ಹೊರಗೆ ಒಯ್ಯಲು ಕಟ್ಟುನಿಟ್ಟಾದ ಮಿತಿಗಳಿವೆ. ಅಪಘಾತದ ಜಾಗಕ್ಕೇ ಯಂತ್ರ ಒಯ್ಯಬೇಕೆನ್ನುವವರಿಗೆ ಇದು ಕಿರಿಕಿರಿ ಎನಿಸಬಹುದು. ಆ ಕಾನೂನಿನ ಅಗತ್ಯವನ್ನು ನಾವೇ ಸೃಷ್ಟಿಸಿಕೊಂಡೆವಲ್ಲ, ದೂರುವುದು ಯಾರನ್ನು?

ಕಪ್ಪು ಪಟ್ಟಿ ಕಂಡು, ರಕ್ತದೊತ್ತಡವೂ ಕುಸಿದಿದ್ದರೆ ಬೇರೆ ಪರೀಕ್ಷೆಗೆ ಕಾಯದೆ ನೇರ ಶಸ್ತ್ರಚಿಕಿತ್ಸೆಗೆ ಒಯ್ಯಬಹುದು. ಕಾಣದಿದ್ದರೆ? ಕಾಕ್ರೇನ್ ಸಂಸ್ಥೆ 2018ರಲ್ಲಿ 34 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎದೆ ಅಥವಾ ಹೊಟ್ಟೆಯೊಳಗೆ ನಿಜವಾಗಿ ಪೆಟ್ಟಾಗಿದ್ದ ನೂರು ಮಂದಿಯಲ್ಲಿ ಸುಮಾರು 74 ಮಂದಿಯನ್ನಷ್ಟೇ ಅಲ್ಟ್ರಾಸೌಂಡ್ ಗುರುತಿಸಿತ್ತು. ಕರುಳು ಹರಿದಿದ್ದರೆ, ರಕ್ತ ಹೊಟ್ಟೆಯ ಹಿಂಗೋಡೆಯತ್ತ ಸೋರಿದ್ದರೆ, ಹೆಪ್ಪುಗಟ್ಟಿ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಮೋಸ ಹೋಗುತ್ತದೆ. ಸ್ಥಿರವಾಗಿರುವ ರೋಗಿಗೆ ಸಿಟಿ ಸ್ಕ್ಯಾನ್ ಇದೆ. ಅಲ್ಟ್ರಾಸೌಂಡ್ ಮೋಸ ಹೋಗಲು ಇನ್ನೂ ಒಂದು ಕಾರಣ ಬರೀ ಕಾಲದ್ದು: ಅಪಘಾತವಾದ ಹತ್ತೇ ನಿಮಿಷಕ್ಕೆ ಬಂದವರಲ್ಲಿ ಪಟ್ಟಿ ಮೂಡುವಷ್ಟು ರಕ್ತ ಇನ್ನೂ ಸೇರಿರದೆ ಇರಬಹುದು. ಆದ್ದರಿಂದ ಅನುಭವಿ ವೈದ್ಯರು ಯಂತ್ರವನ್ನು ಮಂಚದ ಬಳಿಯೇ ಬಿಟ್ಟಿರುತ್ತಾರೆ, ಸ್ವಲ್ಪ ಹೊತ್ತಾದ ಮೇಲೆ ಅದೇ ಜಾಗಕ್ಕೆ ಮತ್ತೆ ಜೆಲ್ ಹಚ್ಚುತ್ತಾರೆ.