ಸಾರಿಗೆ ಬಾರದ ಮೀನು, ಲೆಕ್ಕಕ್ಕೂ ಬರಲಿಲ್ಲ

ಮುಂಗಾರು ಹಿಡಿದರೆ ಸಾಕು, ಮೂಡಿಗೆರೆ, ಸಕಲೇಶಪುರದ ಕಡೆ ಹತ್ತುಮೀನಿನ, ಅಂದರೆ ಹೊಸ ನೀರಿಗೆ ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನಿನ, ಮಾತು ಶುರು. ಟಾರ್ಚು, ಕತ್ತಿ ಹಿಡಿದು ರಾತ್ರಿ ಗದ್ದೆ ಬದುವಿನಲ್ಲಿ ಕಾಯುವವರಿಗೆ ಯಾವ ಮೀನು ಎಲ್ಲಿ ಹತ್ತುತ್ತದೆಂಬುದು ಬಾಯಿಪಾಠ. ಅದೇ ಹಳ್ಳದ ತಳದಲ್ಲಿ ಕಲ್ಲಿಗೆ ಮೈಯೊತ್ತಿ ಬದುಕುವ ಬೆರಳುದ್ದದ ಮೀನಿನ ಬಗ್ಗೆ ಕೇಳಿದರೆ ಮಾತ್ರ ಯಾರಿಗೂ ಆಸಕ್ತಿಯಿಲ್ಲ. ಅದು ಮೀನಿನ ಸಾರಿಗೆ ಬರುವುದಿಲ್ಲವಲ್ಲ.

ಅದರ ಮೈಕಟ್ಟು ನೋಡಬೇಕು. ಗ್ಲಿಪ್ಟೊಥೊರಾಕ್ಸ್ ಕುಲದ ಮೀನಿಗೆ ಎದೆಯಡಿ ಮಡಿಕೆ ಮಡಿಕೆಯಾದ ಚರ್ಮ. ಎಂಥ ಸೆಳವಿದ್ದರೂ ಬಂಡೆಗೆ ಕಚ್ಚಿಕೊಳ್ಳುತ್ತದೆ. ಭವಾನಿಯಾ, ಬಲಿಟೋರ ಕುಲದವು ರೆಕ್ಕೆಗಳನ್ನು ಬೀಸಣಿಗೆಯಂತೆ ಹರಡಿ ಕಲ್ಲಿಗೆ ಅಂಟುತ್ತವೆ. ಇಂಥ ಮೀನುಗಳಿಗೆ ಸೆಳವಿನ ನೀರೇ ಉಸಿರು, ಕಲ್ಲಿನ ಸಂದೇ ಮನೆ. ಭಾರತದ ಸೆಳವು ಮೀನುಗಳನ್ನು ದಶಕಗಟ್ಟಲೆ ಅಭ್ಯಾಸ ಮಾಡಿದ ಸುಂದರಲಾಲ್ ಹೋರಾ 1941ರಲ್ಲಿ ಒಂದು ಬಲಿಟೋರಕ್ಕೆ ಮೈಸೂರಿನ ಹೆಸರನ್ನೇ ಇಟ್ಟರು.

ಮನೆಗೆ ಮಣ್ಣು ಬಿದ್ದದ್ದು ಆಮೇಲೆ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅದಿರಿನ ರಾಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹೋಯಿತು, ಉಳಿದ ಕಸ ಲಕ್ಯಾ ಅಣೆಕಟ್ಟೆಯ ಹಿಂದೆ ನಿಂತಿತು. ಆದರೆ ಬಗೆದ ಗುಡ್ಡದ ಮೇಲೆ ಮಲೆನಾಡಿನ ಮಳೆ ಸುರಿದರೆ ಕೆಂಪು ಮಣ್ಣು ಭದ್ರೆಗೇ ಇಳಿಯಬೇಕು. ಪರಿಸರ ವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರ ಅಳತೆಯಲ್ಲಿ, ಜಲಾನಯನದ ಸಣ್ಣ ಪಾಲಾಗಿದ್ದ ಗಣಿ ಪ್ರದೇಶದಿಂದಲೇ ಹೊಳೆಯ ಹೂಳಿನ ಅರ್ಧಕ್ಕೂ ಹೆಚ್ಚು ಬರುತ್ತಿತ್ತು. ಹೂಳು ಮೀನನ್ನು ನೇರವಾಗಿ ಕೊಲ್ಲಬೇಕೆಂದೇನಿಲ್ಲ. ಕಲ್ಲಿನ ಸಂದು ಮುಚ್ಚಿದರೆ ಅಡಗುವ ಜಾಗ ಹೋಯಿತು, ತಿನ್ನುವ ಹುಳ ಹೋಯಿತು. ಕಾಡಿನ ಹೆಸರಿನಲ್ಲಿ, ಜಲಾಶಯ ತುಂಬುವ ಹೂಳಿನ ಹೆಸರಿನಲ್ಲಿ ಹೋರಾಟ ನಡೆಯಿತು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಲ್ಲಿಸಿತು. ಈ ಮೀನು ಉಳಿದಿದ್ದರೆ ಅದು ಹುಲಿ, ಸಿಂಗಳೀಕಗಳ ನೆರಳಲ್ಲಿ ಉಳಿದದ್ದು ಎಂಬುದು ನನ್ನ ಅನಿಸಿಕೆ.

ಮರುವರ್ಷ, 2006ರಲ್ಲಿ, ಪರಿಸರ ಪರಿಣಾಮದ ಹೊಸ ಅಧಿಸೂಚನೆ ಬಂತು. ಅದರ ಗೆರೆ 25 ಮೆಗಾವಾಟ್. ಅದಕ್ಕಿಂತ ಚಿಕ್ಕ ಜಲವಿದ್ಯುತ್ ಘಟಕಕ್ಕೆ ಪರಿಣಾಮದ ಅಧ್ಯಯನವೇ ಬೇಡ. ‘ಕಿರು’ ಎಂಬ ಮಾತು ವಿದ್ಯುತ್ತಿಗೆ ಸರಿ. ಹಳ್ಳಕ್ಕೆ ಒಡ್ಡು ಒಡ್ಡೇ. ಒಡ್ಡಿನಿಂದ ನೀರು ಕಾಲುವೆ ಹಿಡಿದು ಟರ್ಬೈನಿಗೆ ಹೋದರೆ, ನಡುವಿನ ಹಳ್ಳದಲ್ಲಿ ಬೆಚ್ಚಗಿನ ಗುಂಡಿಗಳಷ್ಟೇ ಉಳಿಯುತ್ತವೆ. ಸುಮನ್ ಜುಮಾನಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡದ್ದೂ ಇದನ್ನೇ: ಹರಿವು ಕೆಟ್ಟಲ್ಲಿ ಸೆಳವಿನ ಮೀನುಗಳು ಕಡಿಮೆ, ಎಲ್ಲಿಯಾದರೂ ಬದುಕುವ ಮೀನುಗಳದೇ ಮೇಲುಗೈ.

ಇನ್ನು ಎತ್ತಿನಹೊಳೆ. ಸಕಲೇಶಪುರದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ 24 ಟಿಎಂಸಿ ನೀರೆತ್ತಿ ಪೂರ್ವಕ್ಕೆ ಒಯ್ಯುವ ಯೋಜನೆಗೆ 2014ರಲ್ಲಿ ಅಡಿಗಲ್ಲು ಬಿತ್ತು; ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಚಾಲೂ ಆಯಿತು. ಕುಡಿಯುವ ನೀರಿನದೆಂಬ ಕಾರಣಕ್ಕೆ ಇಲ್ಲೂ ಪರಿಣಾಮದ ಅಧ್ಯಯನದಿಂದ ವಿನಾಯಿತಿ. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ಸುಳ್ಳಲ್ಲ. ಎತ್ತುವುದು ಮಳೆಗಾಲದಲ್ಲಿ ಸಮುದ್ರಕ್ಕೆ ಹೋಗಿ ‘ವ್ಯರ್ಥ’ವಾಗುವ ನೀರನ್ನಷ್ಟೇ ಎನ್ನುವುದು ಸಮರ್ಥನೆ.

ಆದರೆ ಆ ನೀರಿನಲ್ಲೇ ಬದುಕುವ ಇಂಥ ಮೀನನ್ನು ಎಣಿಸುವುದು ತ್ರಾಸದ ಕೆಲಸ. ಬೀಸುಬಲೆಗೆ ಅದು ಸಿಗುವುದಿಲ್ಲ, ಒಂದೊಂದೇ ಕಲ್ಲು ಎತ್ತಿ ಹುಡುಕಬೇಕು. ಅದಕ್ಕೆ ಹಳ್ಳ ಇಳಿದಿರಬೇಕು, ಅಂದರೆ ಬೇಸಿಗೆಯಲ್ಲೇ ಹೋಗಬೇಕು. ಪಂಪು ನೀರೆತ್ತುವ ಜುಲೈ, ಆಗಸ್ಟಿನಲ್ಲಿ ಆ ಸೆಳವಿಗೆ ಕಾಲಿಡುವವರು ಯಾರು?